ಬಾಯಿಪಾಠದಿಂದ ಸದ್ಗುಣ ಬಾರದು

ಮಾನ್ಯರೆ,

ಶಾಲೆಯ ನೀತಿಪಾಠದಲ್ಲಿ ಸದ್ಗುಣಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ ಅಂಕ ಕೊಡುವುದು ನೋವಿನ ಸಂಗತಿ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಪ್ರಕಾರ ಸದ್ಗುಣವೆಂದರೆ ಮಾಹಿತಿಯಲ್ಲ, ಮಾಡಿ ಮಾಡಿ ಮೈಗೂಡುವ ಸ್ವಭಾವ. ಅದಕ್ಕೆ ಆತನ ಷರತ್ತು ಮೂರು: ತಿಳಿದು ಮಾಡಿರಬೇಕು, ಒಳ್ಳೆಯದೆಂಬ ಕಾರಣಕ್ಕೇ ಆಯ್ದುಕೊಂಡಿರಬೇಕು, ಕದಲದ ಮನಸ್ಸಿನಿಂದ ಮಾಡಿರಬೇಕು.

ಕೋಲಾರದ ಎಪಿಎಂಸಿಗೆ ಬರುವ 15 ಕೆ.ಜಿ. ಟೊಮೆಟೊ ಬಾಕ್ಸ್ ತೆಗೆದುಕೊಳ್ಳಿ. ಮೇಲಿನಷ್ಟೇ ಗಟ್ಟಿ ಹಣ್ಣು ತಳದಲ್ಲೂ ಇದೆ ಎನ್ನೋಣ. ಮಂಡಿಯಲ್ಲಿ ಸುರಿದು ನೋಡುತ್ತಾರೆಂಬ ಭಯಕ್ಕೆ ಹಾಗೆ ತುಂಬಿದ್ದರೆ ಎರಡನೇ ಷರತ್ತು ಬಿದ್ದಂತೆ. ಬೆಲೆ ಏರಿದ ದಿನ ತಳಕ್ಕೆ ಒಡಕು ಹಣ್ಣು ಸೇರಿದರೆ ಮೂರನೆಯದೂ ಇಲ್ಲ. ಆಸೆ ಎಳೆದರೂ ತಡೆದುಕೊಂಡು ಸರಿಯಾಗಿ ತುಂಬಿದವರದು ಸಂಯಮ. ಮೆಚ್ಚಬೇಕಾದ್ದೇ, ಆದರೆ ಅರಿಸ್ಟಾಟಲ್‌ಗೆ ಅದು ಸದ್ಗುಣಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಸದ್ಗುಣ ಮೈಗೂಡಿದವರಿಗೆ ಆ ಎಳೆತವೇ ಇರದು. (ಜರ್ಮನ್ ತತ್ವಜ್ಞಾನಿ ಕಾಂಟ್ ಇದನ್ನು ಒಪ್ಪುವುದಿಲ್ಲ, ಕರ್ತವ್ಯವೆಂದು ಮಾಡಿದ್ದಕ್ಕೇ ಆತ ನೈತಿಕ ಬೆಲೆ ಕೊಡುವುದು.)

ಆದ್ದರಿಂದ ಅಂಕ ಕೈಬಿಟ್ಟು ಮಕ್ಕಳಿಗೆ ಕೆಲಸ ವಹಿಸಿ: ಬಿಸಿಯೂಟ ಸಮನಾಗಿ ಬಡಿಸುವುದು, ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವುದು. ವಾರಕ್ಕೊಬ್ಬರಂತೆ ಬದಲಿಸಿದರೆ ರೂಢಿ ಕೂರುವುದಿಲ್ಲ, ವರ್ಷವಿಡೀ ಅದೇ ಮಗು ಮಾಡಲಿ. ಬಹುಮಾನ ಮಾತ್ರ ಇಡಬೇಡಿ. ಇಟ್ಟರೆ ಎರಡನೇ ಷರತ್ತನ್ನು ನಾವೇ ಕೆಡಿಸಿದಂತಾಗುತ್ತದೆ.

– ತತ್ವಶಾಸ್ತ್ರ ಅಧ್ಯಾಪಕರು, ಕೋಲಾರ