ಕೂಲಿ ಕೊಡ್ತೀವಿ ಅಂದರೂ ಅವರು ಯಾಕೆ ಮರಳಲಿಲ್ಲ

ಪ್ರೀತಿಯ ಮಗಳೆ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿದೆ. “ಆಸ್ಟ್ರೇಲಿಯಾದ ಈ ಮೂಲನಿವಾಸಿಗಳು ಮೂರು ವರ್ಷ ಮುಷ್ಕರ ಮಾಡಿದರಲ್ಲ ಅವ್ವಾ, ಕೊನೆಗೆ ಕೂಲಿ ಕೊಡ್ತೀವಿ ಅಂದಮೇಲೂ ಅಷ್ಟೊಂದು ಜನ ಕೆಲಸಕ್ಕೆ ಯಾಕೆ ಮರಳಲಿಲ್ಲ?” ಅಷ್ಟರಲ್ಲಿ ನಿನ್ನ ಶಿಫ್ಟಿನ ಬಸ್ಸು ಬಂತು. ಅದು ಫೋನಿನಲ್ಲಿ ಮುಗಿಯುವ ಮಾತೂ ಅಲ್ಲ, ಅದಕ್ಕೇ ಬರೆಯಲು ಕೂತೆ.

ಸಂಡೂರಿನ ಕೆಂಪು ದೂಳು ಬಿಟ್ಟು ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದ ಕೆಂಪು ದೂಳಿಗೆ ಹೋಗಿದ್ದೀಯ. ನೀವೆಲ್ಲ ಈಗ ಅದಿರು ತೆಗೆಯುವ ಆ ಸೀಮೆ ಒಂದು ಕಾಲಕ್ಕೆ ಕುರಿ, ದನ ಸಾಕುವ ದೊಡ್ಡ ದೊಡ್ಡ ಎಸ್ಟೇಟುಗಳ ಸೀಮೆ, ಅವಕ್ಕೆ ಅಲ್ಲಿ ಸ್ಟೇಷನ್ ಅನ್ನುತ್ತಾರೆ. ನೆಲದ ಗುತ್ತಿಗೆ ಬಿಳಿಯರ ಹೆಸರಿಗೆ, ದುಡಿಮೆ ಮೂಲನಿವಾಸಿಗಳದ್ದು. ಕುರಿ ಕಾಯುವುದು, ಬೇಲಿ ಹಾಕುವುದು, ಒಡೆಯರ ಮನೆಯಲ್ಲಿ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು. ಇಷ್ಟಕ್ಕೆ ಸಿಗುತ್ತಿದ್ದುದು ಹಿಟ್ಟು, ಸಕ್ಕರೆ, ಚಹಾಪುಡಿ, ಒಂದಿಷ್ಟು ಮಾಂಸ, ಹೊಗೆಸೊಪ್ಪು. ಬಹಳ ಜನ ನಗದಿನ ಮುಖವನ್ನೇ ಕಂಡಿರಲಿಲ್ಲ. ಬಿಟ್ಟು ಹೋದರೆ ಪೊಲೀಸರು ಹಿಡಿದು ತರುತ್ತಿದ್ದರು, ಬಿಟ್ಟು ಬನ್ನಿ ಎಂದು ಹೇಳಿದವರ ಮೇಲೂ ಕೇಸು. ಜೀತ ಅಂದರೆ ಇನ್ನೇನು? ಆದರೆ ಇದೆಲ್ಲ ನಡೆದದ್ದು ಅವರನ್ನು ‘ರಕ್ಷಿಸಲು’ ಮಾಡಿದ ಕಾನೂನುಗಳ ನೆರಳಿನಲ್ಲೇ.

1942ರಲ್ಲಿ ಸ್ಕಲ್ ಸ್ಪ್ರಿಂಗ್ಸ್ ಎಂಬಲ್ಲಿ ಹಲವು ಭಾಷೆಗಳ ಹಿರಿಯರು ಸೇರಿ ದಿನಗಟ್ಟಲೆ ಮಾತಾಡಿ ಮುಷ್ಕರ ಮಾಡುವುದೆಂದು ತೀರ್ಮಾನಿಸಿದರು. ಆಗ ಯುದ್ಧದ ಕಾಲ, ಮುಗಿಯಲಿ ಎಂದು ಕಾದರು. ಇಂಥ ಮರ್ಯಾದೆ ಒಡೆಯರ ಕಡೆಯಿಂದ ಅವರಿಗೆ ಎಂದೂ ಸಿಕ್ಕಿರಲಿಲ್ಲ ಅನ್ನುವುದು ನೆನಪಿರಲಿ. ನೂರಾರು ಮೈಲಿ ದೂರದೂರದ ಸ್ಟೇಷನ್ನುಗಳು, ಓದು ಬರಹ ಬಾರದ ಜನ, ಎಲ್ಲರೂ ಒಂದೇ ದಿನ ಕೆಲಸ ನಿಲ್ಲಿಸಬೇಕು. ಅವರ ಮುಂದಾಳು ಡೂಲಿ ಬಿನ್ ಬಿನ್ ಜಾಮ್ ಡಬ್ಬಿಯಂಥವುಗಳ ಲೇಬಲ್ಲಿನ ಮೇಲೆ ಗೀಚಿದ ಕ್ಯಾಲೆಂಡರುಗಳನ್ನು ಗುಟ್ಟಾಗಿ ಹಂಚಿಕೊಂಡು ಬಂದರು. ದಿನಕ್ಕೊಂದು ಗುರುತು ಹೊಡೆದುಹಾಕುತ್ತ ಹೋದರೆ ಕೊನೆಯದು 1946ರ ಮೇ 1. ಕಾರ್ಮಿಕರ ದಿನ ಹೌದು, ಉಣ್ಣೆ ಕತ್ತರಿಸುವ ಹಂಗಾಮು ಶುರುವಾಗುವ ಹೊತ್ತೂ ಹೌದು. ಒಡೆಯರಿಗೆ ಎಲ್ಲಿ ನೋಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುಮಾರು 800 ಜನ ಹೊರನಡೆದರು.

ಡೂಲಿಗೂ ಇನ್ನೊಬ್ಬ ಮುಂದಾಳು ಕ್ಲಾನ್ಸಿ ಮೆಕೆನ್ನಾನಿಗೂ ಮೂರು ಮೂರು ತಿಂಗಳ ಕಠಿಣ ಸಜೆಯಾಯಿತು. ಜೊತೆಗೆ ನಿಂತ ಬಿಳಿಯ ಡಾನ್ ಮೆಕ್ಲಿಯಡ್‌ನನ್ನೂ ಬಂಧಿಸಿದರು. ನಿನಗೆ ಹೆಚ್ಚು ಹತ್ತಿರವಾಗುವವಳು ಡೈಸಿ ಬಿಂಡಿ, ರಾಯ್ ಹಿಲ್ ಸ್ಟೇಷನ್ನಿನವಳು. ಹೌದು, ಈಗ ಗಣಿಯಾಗಿರುವ ಅದೇ ರಾಯ್ ಹಿಲ್. ಕುದುರೆ ಸವಾರಿ ಬಲ್ಲ ಗಟ್ಟಿಗಿತ್ತಿ. ಕೂಲಿ ಕೇಳಿ ಪಡೆದು, ಅದೇ ದುಡ್ಡಿನಲ್ಲಿ ಲಾರಿ ಬಾಡಿಗೆ ಹಿಡಿದು ತನ್ನವರನ್ನು ಮುಷ್ಕರಕ್ಕೆ ಕರೆತಂದಳು.

ಇನ್ನು ಹೊಟ್ಟೆಪಾಡು. ಇಲ್ಲೇ ನಿನ್ನ ಪ್ರಶ್ನೆಗೆ ಉತ್ತರವಿದೆ ಅನ್ನಿಸುತ್ತದೆ ನನಗೆ. ಅವರ ಹೆಂಗಸರ ಬಳಿ ಯಾಂಡಿ ಎಂಬ ಉದ್ದನೆಯ ಮರದ ತಟ್ಟೆ ಇರುತ್ತಿತ್ತು. ನಾವು ಮೊರದಲ್ಲಿ ಕೇರುವ ಹಾಗೆ ಹುಲ್ಲಿನ ಬೀಜವನ್ನು ಅದರಲ್ಲಿ ಕುಲುಕಿ ಹೊಟ್ಟಿನಿಂದ ಬೇರೆ ಮಾಡುತ್ತಿದ್ದರು. ಮೂಲ್ಯೆಲ್ಲಾದ ಶಿಬಿರದಲ್ಲಿ ಅದೇ ಕುಲುಕಾಟದಿಂದ ಮರಳಿನೊಳಗಿನ ತವರದ ಅದಿರನ್ನು ತೆಗೆದರು. ಭಾರದ್ದು ಒಂದು ಕಡೆ, ಹಗುರದ್ದು ಒಂದು ಕಡೆ. ನೀನು ಪ್ಲಾಂಟಿನಲ್ಲಿ ಯಂತ್ರಗಳಿಂದ ಮಾಡಿಸುವುದೂ ಸರಿಸುಮಾರು ಇದನ್ನೇ ಅಲ್ಲವೇನೆ? ಅದಿರು ಮಾರಿದರು, ಆಡಿನ ಚರ್ಮ, ಮುತ್ತಿನ ಚಿಪ್ಪು ಮಾರಿದರು. ಬಂದದ್ದನ್ನು ಎಲ್ಲರೂ ಹಂಚಿಕೊಂಡು ಉಂಡರು. 1949ರಲ್ಲಿ ಹಡಗಿನ ಕಾರ್ಮಿಕರ ಸಂಘ ಆ ಕಡೆಯ ಉಣ್ಣೆ ಹೇರುವುದಿಲ್ಲ ಎಂದು ಹಟ ಹಿಡಿದಾಗ ಕೆಲವು ಸ್ಟೇಷನ್ನುಗಳು ಕೂಲಿಗೆ ಒಪ್ಪಿದವು. ಅಷ್ಟು ಹೊತ್ತಿಗೆ ಒಡೆಯನಿಲ್ಲದೆ ಬದುಕಬಹುದು ಎಂಬುದನ್ನು ಇವರು ಬದುಕಿಯೇ ನೋಡಿಬಿಟ್ಟಿದ್ದರು. ಮತ್ತೆ ಯಾರ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ? ಬಹಳ ಜನ ಗಣಿ ಕೆಲಸ ಮುಂದುವರಿಸಿದರು, ತಾವೇ ಕಂಪನಿ ಕಟ್ಟಿದರು, ಯಾಂಡಿಯಾರಾ ಎಂಬ ಸ್ಟೇಷನ್ನನ್ನೇ ಕೊಂಡರು. ಡೈಸಿ 1959ರಲ್ಲಿ ಕೃತಕ ಕಾಲು ಹಾಕಿಸಿಕೊಳ್ಳಲು ಪರ್ತ್‌ಗೆ ಹೋದವಳು ಅಲ್ಲಿಯೂ ಸುಮ್ಮನೆ ಕೂರದೆ, ನಮ್ಮ ಮಕ್ಕಳಿಗೆ ಶಾಲೆ ಕೊಡಿ ಎಂದು ಅವರಿವರ ಬೆನ್ನು ಹತ್ತಿದಳು.

ಹೀಗೆ ಮರಳದೆ ಉಳಿದವರ ಲೆಕ್ಕ ತಪ್ಪಿರಲಿಲ್ಲ. ಉತ್ತರದ ಸ್ಟೇಷನ್ನುಗಳಲ್ಲಿ ಸಮಾನ ವೇತನ ಕೊಡಬೇಕೆಂದು ನ್ಯಾಯಮಂಡಳಿ 1966ರಲ್ಲಿ ಹೇಳಿತು, ಆದರೆ ಜಾರಿ 1968ರ ಡಿಸೆಂಬರಿನಿಂದ. ಅದೇ 1966ರಲ್ಲಿ ಉತ್ತರದ ವೇವ್ ಹಿಲ್ ಎಂಬ ಸ್ಟೇಷನ್ನಿನಿಂದ ತಮ್ಮ ಮುಂದಾಳು ವಿನ್ಸೆಂಟ್ ಲಿಂಗಿಯಾರಿಯ ಜೊತೆ ಹೊರನಡೆದ ಗುರಿಂಜಿ ಎಂಬ ಮೂಲನಿವಾಸಿ ಜನ ಕೂಲಿಯಲ್ಲೇ ನಿಲ್ಲದೆ ನೆಲವನ್ನೇ ಕೇಳಿದರು, 1975ರಲ್ಲಿ ಒಂದಿಷ್ಟು ಪಡೆದರು. ಉಳಿದ ಕಡೆ? ಪೂರ್ತಿ ಕೂಲಿ ಕೊಡಬೇಕೆಂದಾದ ಮೇಲೆ ಎಷ್ಟೋ ಒಡೆಯರು ಸಂಸಾರಗಳನ್ನೇ ಎಬ್ಬಿಸಿ ಕಳಿಸಿದರು. ಪಿಲ್ಬರಾದ ಉತ್ತರಕ್ಕಿರುವ ಕಿಂಬರ್ಲಿ ಸೀಮೆಯ ಫಿಟ್ಸ್‌ರಾಯ್ ಕ್ರಾಸಿಂಗ್‌ನಂಥ ಊರುಗಳ ಅಂಚಿನಲ್ಲಿ ಅವರೆಲ್ಲ ಬಂದು ಬಿದ್ದರು. ಹುಟ್ಟಿದ ನೆಲವೂ ಹೋಯಿತು, ಕೆಲಸವೂ ಹೋಯಿತು. ಇದನ್ನು ಸಮಾನ ವೇತನದ ತಪ್ಪು ಎಂದು ಹೇಳುವವರು ಸಿಕ್ಕರೆ ನಂಬಬೇಡ. ದುಡಿದವರಿಗೆ ನೆಲದ ಮೇಲೆ ಯಾವ ಹಕ್ಕನ್ನೂ ಬಿಡದ ವ್ಯವಸ್ಥೆಯ ತಪ್ಪು ಅದು.

ಇಷ್ಟು ವರ್ಷಗಳ ಮೇಲೆ, 2023ರಲ್ಲಿ, ನೀನಿರುವ ರಾಜ್ಯದ ಸರ್ಕಾರ 1936ರಿಂದ 1972ರವರೆಗೆ ಮೂಲನಿವಾಸಿಗಳಿಗೆ ಸಿಗದೆ ಹೋದ ಕೂಲಿಯ ಮೊಕದ್ದಮೆಯಲ್ಲಿ ರಾಜಿಗೆ ಬಂತು. ಅರ್ಹರಾದ ಒಬ್ಬೊಬ್ಬರಿಗೆ 16,500 ಡಾಲರ್. ಅದು ನಿನ್ನ ಎಷ್ಟು ವಾರದ ಸಂಬಳ ಅಂತ ನೀನೇ ಲೆಕ್ಕ ಹಾಕು. ನಾನಂತೂ ಹಾಕಿದೆ, ಆಮೇಲೆ ನಿಮ್ಮಪ್ಪನಿಗೂ ತೋರಿಸಿದೆ.

ನಿನ್ನ
ಅವ್ವ