ಚಳಿಗಾಲದ ಮಡಿಗೆ ಹಸಿ ಹೆಂಡಿ ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಹಿತ್ತಲಲ್ಲೋ ಖಾಲಿ ನಿವೇಶನದಲ್ಲೋ ಕಾಯಿಪಲ್ಲೆ ಬೆಳೆಯುವವರು ಗೊಬ್ಬರ ಹುಡುಕಲು ಹೊರಡುತ್ತಾರೆ. ಹಸಿ ಸೆಗಣಿಯನ್ನು ಈಗಲೇ ಮಡಿಯ ಮೇಲೆ ಹರಡಿ ಬಿಟ್ಟರೆ ಚಳಿಗಾಲ ಮುಗಿಯುವಷ್ಟರಲ್ಲಿ ಅದು ತಾನಾಗಿ ಗೊಬ್ಬರವಾಗುತ್ತದೆ ಎಂಬ ಸಲಹೆಯೊಂದು ಇತ್ತೀಚೆಗೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಇದು ಇಂಗ್ಲೆಂಡಿನಂಥ ಚಳಿ ಸೀಮೆಯ ತೋಟಗಾರರ ರೂಢಿ. ಅಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ತರಕಾರಿ ಮಡಿಗಳು ಬಹುಪಾಲು ಖಾಲಿ ಇರುತ್ತವೆ, ನೆಲ ತೇವವಾಗಿರುತ್ತದೆ, ಹಾಕಿದ ಗೊಬ್ಬರಕ್ಕೆ ನಾಲ್ಕೈದು ತಿಂಗಳು ಸಿಗುತ್ತದೆ. ನಮ್ಮಲ್ಲಿ ಮಡಿ ತುಂಬಿರುವುದೇ ಚಳಿಗಾಲದಲ್ಲಿ. ಜೊತೆಗೆ ಮಳೆ ನಿಂತ ಮೇಲೆ ಮಡಿಯ ಮೇಲೆ ಹರಡಿದ ಹೆಂಡಿ ಕಳಿಯುವುದಿಲ್ಲ, ಬಿಸಿಲಿಗೆ ಒಣಗಿ ಕುಳ್ಳಾಗುತ್ತದೆ. ಅದರಲ್ಲಿದ್ದ ಸಾರಜನಕದ ಒಂದು ಪಾಲು ಅಮೋನಿಯವಾಗಿ ಗಾಳಿಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಆತಂಕ ನಮ್ಮ ಊಟದ ತಾಟಿಗೆ ಸಂಬಂಧಿಸಿದ್ದು. ಹಕ್ಕರಿಕಿ, ಮೂಲಂಗಿ ತಪ್ಪಲ, ಎಳೆ ಮೆಂತೆ, ಉಳ್ಳಾಗಡ್ಡಿ ತಪ್ಪಲ ಇವುಗಳನ್ನು ನಾವು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವವರು. ನೀರು ಹಾಯಿಸುವಾಗ ಸಿಡಿದ ಮಣ್ಣು ಎಲೆಯ ಬುಡದಲ್ಲಿ ಅಂಟಿಕೊಂಡಿರುತ್ತದೆ, ಒಂದು ಸಲ ಜಾಲಿಸಿದರೆ ಅದು ಪೂರ್ತಿ ಹೋಗುವುದಿಲ್ಲ. ಹಸಿ ಸೆಗಣಿಯಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾದಂಥ ರೋಗಾಣುಗಳು ಇರಬಹುದಾದ್ದರಿಂದಲೇ ಅಮೆರಿಕದ ಸಾವಯವ ಕೃಷಿ ನಿಯಮವು, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರವನ್ನು ಕೊಯ್ಲಿಗೆ ಕನಿಷ್ಠ 120 ದಿನ ಮೊದಲೂ, ತಾಗದ ಬೆಳೆಯಾದರೆ 90 ದಿನ ಮೊದಲೂ ಮಣ್ಣಿಗೆ ಸೇರಿಸಿರಬೇಕೆಂದು ಹೇಳುತ್ತದೆ. ಮೆಂತೆ ಒಂದು ತಿಂಗಳೊಳಗೆ ಕೀಳಲು ಬರುತ್ತದೆ ಎಂಬುದನ್ನು ಓದುಗರು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಎರಡು ವರ್ಷದ ಹಿಂದೆ "ಕಳಿತ ಗೊಬ್ಬರರೀ" ಎಂದು ಹೇಳಿ ಒಬ್ಬರು ಒಂದು ಟ್ರ್ಯಾಕ್ಟರ್ ಡಬ್ಬಿ ಇಳಿಸಿ ಹೋದರು. ಮರುದಿನ ನಸುಕಿನಲ್ಲಿ ಗುಡ್ಡೆಯಿಂದ ಹಬೆ ಏಳುತ್ತಿತ್ತು. ಒಳಗೆ ಚುಚ್ಚಿಟ್ಟ ಹಾರೆಯನ್ನು ಸ್ವಲ್ಪ ಹೊತ್ತಿನ ಮೇಲೆ ಎಳೆದರೆ ತುದಿ ಹಿಡಿಯಲಾಗದಷ್ಟು ಬಿಸಿಯಾಗಿತ್ತು, ಕಣ್ಣು ಉರಿಸುವ ನಾತ ಬೇರೆ. ಅಷ್ಟು ತಿಳಿದರೂ ಅವಸರಕ್ಕೆ ಬಿದ್ದು ಎರಡು ಮಡಿಗೆ ಬೆರೆಸಿದೆ. ಎಂಟು ದಿನದಲ್ಲಿ ಬದನೆ ಸಸಿಗಳ ಎಲೆಯಂಚು ಸುಟ್ಟಂತೆ ಕಂದಿತು, ಗಜ್ಜರಿ ಕಿತ್ತಾಗ ಒಂದೊಂದಕ್ಕೆ ಎರಡು ಮೂರು ಕಾಲು ಮೂಡಿದ್ದವು, ಮತ್ತು ಅದುವರೆಗೆ ನನ್ನ ಹಿತ್ತಲಲ್ಲಿ ಇಲ್ಲದ ಕಾಂಗ್ರೆಸ್ ಕಸ ಮಡಿಯ ತುಂಬ ಹುಟ್ಟಿತು. ಬಿತ್ತಿದ್ದಕ್ಕಿಂತ ಅದೇ ಸೊಂಪಾಗಿ ಬಂತೆಂದು ಮನೆಯವರು ಇಂದಿಗೂ ನಗುತ್ತಾರೆ.

ನಮ್ಮ ಹಿರಿಯರು ಹಸಿ ಗೊಬ್ಬರವನ್ನು ಬಳಸುತ್ತಿರಲಿಲ್ಲವೆಂದಲ್ಲ. ಗದಗ, ಹಾವೇರಿ ಕಡೆಯ ಹೊಲಗಳಲ್ಲಿ ಸುಗ್ಗಿಯ ನಂತರ ಕುರಿ ತರುಬಿಸುವುದು ಹಸಿ ಹಿಕ್ಕೆ, ಉಚ್ಚೆಯನ್ನು ನೇರವಾಗಿ ನೆಲಕ್ಕೆ ಕೊಡುವ ಪದ್ಧತಿಯೇ ಆಗಿದೆ. ಆದರೆ ಆ ಹೊಲ ಬೇಸಿಗೆಯುದ್ದಕ್ಕೂ ಖಾಲಿ ಬಿದ್ದಿರುತ್ತದೆ, ಮುಂಗಾರಿನ ಮಳೆಗೆ ಮಣ್ಣಿನೊಡನೆ ಬೆರೆಯುತ್ತದೆ, ಬಿತ್ತುವುದೂ ಬಹುಪಾಲು ಕಾಳುಕಡಿಯನ್ನು. ಕೊಟ್ಟಿಗೆಯ ಹೆಂಡಿಯಂತೂ ವರ್ಷಪೂರ್ತಿ ತಿಪ್ಪೆಯಲ್ಲಿ ಕಳಿತು, ಬೇಸಿಗೆಯಲ್ಲೇ ಚಕ್ಕಡಿ ಏರುತ್ತಿತ್ತು.

ತಿಪ್ಪೆಗೆ ಜಾಗವಿಲ್ಲದ ನಗರದವರು ನೆರಳಿನಲ್ಲಿ ಮೂರು ಅಡಿ ಎತ್ತರಕ್ಕೆ ಸೆಗಣಿ ಮತ್ತು ಒಣ ಎಲೆಗಳನ್ನು ಪದರ ಪದರವಾಗಿ ಹಾಕಿ, ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಕಾಯ್ದುಕೊಂಡು, ಹದಿನೈದು ದಿನಕ್ಕೊಮ್ಮೆ ತಿರುವಿದರೆ ಮೂರು ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಗುಡ್ಡೆಯ ಒಳಗಿನ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಸದ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಹೊರಮೈ ತಂಪಾಗಿಯೇ ಉಳಿಯುವುದರಿಂದ ತಿರುವಿ ಹಾಕುವುದನ್ನು ಬಿಡುವಂತಿಲ್ಲ. ಕಪ್ಪಾಗಿ, ಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಮಾತ್ರ ಅದನ್ನು ಮಡಿಗೆ ಹಾಕಬಹುದು. ಕೋಳಿ ಗೊಬ್ಬರ ದನದ ಸೆಗಣಿಗಿಂತಲೂ ಖಾರ. ಅದನ್ನು ಹಸಿಯಾಗಿ ಮುಟ್ಟಲೇಬಾರದು.

ಈಗಾಗಲೇ ಹಸಿ ಹೆಂಡಿ ಹರಡಿಬಿಟ್ಟವರು ಅದನ್ನು ಇಂದೇ ಮಣ್ಣಿನಲ್ಲಿ ಬೆರೆಸಿ ನೀರು ಹಾಯಿಸಲಿ, ಈ ಹಂಗಾಮಿಗೆ ಅಲ್ಲಿ ತಪ್ಪಲ ಪಲ್ಲೆ, ಗಜ್ಜರಿ, ಮೂಲಂಗಿ ಹಾಕದಿರಲಿ. ಜಾಗ ಖಾಲಿ ಬಿಡಲು ಮನಸ್ಸಾಗದಿದ್ದರೆ ಮೂರು ವಾರ ತಡೆದು ಗೋವಿನಜೋಳ ಊರಬಹುದು: ಅದು ಗೊಬ್ಬರಬಾಕ ಬೆಳೆ, ತೆನೆ ಬಲಿಯಲು ನೂರು ದಿನ ಬೇಕು, ಮತ್ತು ಕಾಳು ಸಿಪ್ಪೆಯೊಳಗೆ, ನೆಲದಿಂದ ಮೂರಡಿ ಮೇಲಿರುತ್ತದೆ.

– ಓರ್ವ ಓದುಗ, ಧಾರವಾಡ