ಮಗಳಿಗೊಂದು ಪತ್ರ: ಬುದ್ಧಿ ಜಾಸ್ತಿ ಮಾಡುವ ಮಾತ್ರೆ ಬೇಕಾ?

ಪ್ರೀತಿಯ ಪುಟ್ಟಿ,

ಕನ್ನಡಕ ಹಾಕಿಕೊಂಡರೆ ಯಾರೂ ಏನೂ ಅನ್ನಲ್ಲ, ಕಾಫಿ ಕುಡಿದು ರಾತ್ರಿಯೆಲ್ಲ ಓದಿದರೂ ಅನ್ನಲ್ಲ, ಬುದ್ಧಿ ಚುರುಕಾಗಲಿ ಅಂತ ಮಾತ್ರೆ ನುಂಗಿದರೆ ಮಾತ್ರ ಯಾಕೆ ತಪ್ಪು ಅಂತ ಕೇಳಿದ್ದೀಯ. ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಅವಸರದಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಮೆಡಿಕಲ್ ಶಾಪ್ ನಡೆಸಿದವಳು ನಾನು, ಈ ವಿಷಯದಲ್ಲಿ ಹೇಳುವುದು ಇದ್ದೇ ಇದೆ.

ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಅದು ಕೆಲಸ ಮಾಡುತ್ತದಾ?

ನಿನ್ನ ರೂಮ್‌ಮೇಟ್ ನುಂಗುತ್ತಿರುವ ಮೊಡಾಫಿನಿಲ್, ಹಗಲಲ್ಲೇ ತಡೆಯಲಾರದಷ್ಟು ನಿದ್ದೆ ಬರುವ ನಾರ್ಕೊಲೆಪ್ಸಿ ಕಾಯಿಲೆಯವರ ಔಷಧಿ. ಹಾಸ್ಟೆಲ್‌ಗಳಲ್ಲಿ ಓಡಾಡುವ ಇನ್ನೊಂದು, ಮಿಥೈಲ್‌ಫೆನಿಡೇಟ್, ಎಡಿಎಚ್‌ಡಿ ಅನ್ನುವ, ಗಮನ ಒಂದು ಕಡೆ ನಿಲ್ಲದ ತೊಂದರೆ ಇರುವವರಿಗೆ ಕೊಡುವುದು. ಬೇಕಾದವರಿಗೆ ಇವು ನಿಜಕ್ಕೂ ಉಪಕಾರ ಮಾಡುತ್ತವೆ. ಕಾಯಿಲೆಯೇ ಇಲ್ಲದವರಿಗೆ ಏನು ಮಾಡುತ್ತವೆ ಅಂತ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ, 2023ರಲ್ಲಿ ಪ್ರಕಟಿಸಿದರು. ಆರೋಗ್ಯವಾಗಿದ್ದ 40 ಮಂದಿಗೆ ಒಂದು ಲೆಕ್ಕ ಕೊಟ್ಟರು. ಒಂದು ಚೀಲ ಇದೆ, ಇಷ್ಟೇ ತೂಕ ಹಿಡಿಯುತ್ತದೆ. ಒಂದೊಂದು ವಸ್ತುವಿಗೂ ಒಂದೊಂದು ತೂಕ, ಒಂದೊಂದು ಬೆಲೆ. ಯಾವ್ಯಾವುದನ್ನು ತುಂಬಿದರೆ ಚೀಲದ ಬೆಲೆ ಅತಿ ಹೆಚ್ಚಾಗುತ್ತದೆ? ಸುಲಭ ಅನ್ನಿಸುತ್ತದೆ, ಕೂತರೆ ತಲೆ ಕೆಡುತ್ತದೆ. ಅವರಿಗೇ ಬೇರೆ ಬೇರೆ ಸಲ ಈ ಮಾತ್ರೆಗಳಲ್ಲಿ ಒಂದೊಂದು, ಇನ್ನೊಂದು ಸಲ ಏನೂ ಇಲ್ಲದ ಹುಸಿ ಮಾತ್ರೆ.

ಔಷಧಿ ತಗೊಂಡಾಗ ಜನ ಜಾಸ್ತಿ ಹೊತ್ತು ಕೂತರು, ಜಾಸ್ತಿ ಸಲ ವಸ್ತುಗಳನ್ನು ಹಾಕಿ ತೆಗೆದು ಮಾಡಿದರು. ಶ್ರಮ ಹೆಚ್ಚಾಯಿತು. ಆದರೆ ಅವರು ಇಡುತ್ತಿದ್ದ ಒಂದೊಂದು ಹೆಜ್ಜೆಯ ಗುಣಮಟ್ಟ ಇಳಿಯಿತು. ಹುಸಿ ಮಾತ್ರೆಯಲ್ಲಿ ಚೆನ್ನಾಗಿ ಮಾಡಿದ್ದವರೇ ಔಷಧಿ ತಗೊಂಡಾಗ ಹೆಚ್ಚು ಕೆಳಗಿಳಿದರು. ನೀನು ಸುಮ್ನೆ ಕೂತು ಯೋಚಿಸಿದರೂ ಚೆನ್ನಾಗಿ ಲೆಕ್ಕ ಮಾಡುವ ಹುಡುಗಿ. ಅದಕ್ಕೇ ಈ ಸಾಲನ್ನು ಓದಿದಾಗ ನೀನೇ ಕಣ್ಣ ಮುಂದೆ ಬಂದೆ.

ಇನ್ನೊಂದು ವಿಷಯ. ಮೊಡಾಫಿನಿಲ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 12ರಿಂದ 15 ಗಂಟೆ ಬೇಕು. ಮಧ್ಯಾಹ್ನ ನುಂಗಿದರೆ ನಡುರಾತ್ರಿಯಲ್ಲೂ ಅರ್ಧ ರಕ್ತದಲ್ಲೇ ಇರುತ್ತದೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿ. ಓದಿದ್ದನ್ನು ಉಳಿಸಿಕೊಳ್ಳುವ ಹೊತ್ತನ್ನೇ ಕಳೆದುಕೊಂಡು ಇನ್ನಷ್ಟು ಓದಿ ಏನು ಲಾಭ?

ಹಾಗಂತ ಬುದ್ಧಿಯನ್ನು ಹೊರಗಿನಿಂದ ಹೆಚ್ಚಿಸುವುದೇ ಬೇಡ ಅನ್ನುವವಳಲ್ಲ ನಾನು. ಒಂದು ದಾರಿಯಂತೂ ಅದ್ಭುತವಾಗಿ ಕೆಲಸ ಮಾಡಿದೆ. ಅದು ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲೇ ಇದೆ. ಹೊಟ್ಟೆಯಲ್ಲಿರುವ ಮಗುವಿಗೆ ಅಯೋಡಿನ್ ಸಾಕಾಗದಿದ್ದರೆ ಮೆದುಳು ಸರಿಯಾಗಿ ಬೆಳೆಯುವುದಿಲ್ಲ, ಆ ನಷ್ಟವನ್ನು ಆಮೇಲೆ ಪೂರ್ತಿ ತುಂಬಿಕೊಡಲು ಆಗುವುದಿಲ್ಲ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಅಯೋಡಿನ್ ಬೆರೆಸಿದ ಉಪ್ಪು ಹಂಚಿ ನೋಡಿದರು. ಆ ಉಪ್ಪು ತಿಂದ ಕಡೆ, ಅಯೋಡಿನ್ ಕೊರತೆಯಿಂದಲೇ ಕುತ್ತಿಗೆ ಊದುವ ಗಳಗಂಡ ಕೆಲವೇ ವರ್ಷಗಳಲ್ಲಿ ಕಡಿಮೆಯಾಯಿತು. 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವ ಅಯೋಡಿನ್ 150 ಮೈಕ್ರೋಗ್ರಾಂ, ಬಸುರಿಗೆ 250. ಚಿಟಿಕೆಗೂ ಸಿಗದಷ್ಟು. ಎಷ್ಟು ಲಕ್ಷ ಮಕ್ಕಳ ಬುದ್ಧಿ ಇದರಿಂದ ಉಳಿದಿದೆಯೋ! ಇದನ್ನು ನೆನೆದಾಗೆಲ್ಲ ನನಗೆ ನಿಜಕ್ಕೂ ಹೆಮ್ಮೆ ಆಗುತ್ತದೆ.

ಈಗ ಅಂಗಡಿಗೆ ಬರುವ ಕೆಲವು ತಾಯಂದಿರು ಮಗುವಿಗೆ ಬ್ರೈನ್ ಟಾನಿಕ್ ಕೇಳುತ್ತಾರೆ. ಮಾತಾಡಿಸಿದರೆ, ಮನೆಯಲ್ಲಿ ಅಡುಗೆಗೆ ಸೈಂಧವ ಲವಣ ಮಾತ್ರ ಬಳಸುತ್ತೇವೆ ಅನ್ನುತ್ತಾರೆ. ಅದರಲ್ಲಿ ಬೇರೆಯಾಗಿ ಅಯೋಡಿನ್ ಬೆರೆಸಿರದಿದ್ದರೆ ಸಾಕಾಗುವಷ್ಟು ಸಿಗಲ್ಲ. ನನಗೆ ಹೊಟ್ಟೆ ಉರಿಯುತ್ತದೆ, ಟಾನಿಕ್ ಬದಿಗಿಟ್ಟು ಉಪ್ಪಿನ ಮಾತೇ ಆಡಿ ಕಳಿಸುತ್ತೇನೆ.

ಕೊರತೆ ನೀಗಿಸುವುದು ಬೇರೆ, ಸರಿಯಾಗಿ ನಡೆಯುತ್ತಿರುವುದನ್ನು ಇನ್ನೂ ತಿರುವುವುದು ಬೇರೆ. 1999ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜೋ ಸಿಯೆನ್ ತಂಡ ಒಂದು ಜೀನ್ ಹೆಚ್ಚಾಗಿ ಕೆಲಸ ಮಾಡುವಂತೆ ಮಾಡಿ ಜಾಣ ಇಲಿಗಳನ್ನು ಸೃಷ್ಟಿಸಿತು. ಅವು ಬೇಗ ಕಲಿತವು, ಹೆಚ್ಚು ಕಾಲ ನೆನಪಿಟ್ಟುಕೊಂಡವು. ಎರಡು ವರ್ಷದ ನಂತರ ಗೊತ್ತಾಯಿತು, ಬಿಡದೆ ಕಾಡುವ ನೋವು ಕೂಡ ಅವಕ್ಕೆ ಜಾಸ್ತಿಯೇ ಆಗುತ್ತಿತ್ತು. ಪಾಪ.

ಇನ್ನು ತಪ್ಪು-ಸರಿಯ ಮಾತು. ಮಾತ್ರೆಯಿಂದ ಯಾವ ಕೆಡುಕೂ ಇಲ್ಲ, ಬುದ್ಧಿ ನಿಜಕ್ಕೂ ಹೆಚ್ಚುತ್ತದೆ ಅಂತಲೇ ಇಟ್ಟುಕೋ. ನಿನ್ನ ಪರೀಕ್ಷೆಗೆ ಕೂರುವವರೆಲ್ಲ ನುಂಗಿದರೆ ಸೀಟು ಜಾಸ್ತಿ ಆಗುತ್ತಾ? ರ‍್ಯಾಂಕು ಇದ್ದಲ್ಲೇ ಇರುತ್ತದೆ, ನುಂಗದವನು ಹಿಂದೆ ಬೀಳುತ್ತಾನೆ, ಹೆದರಿ ಅವನೂ ನುಂಗುತ್ತಾನೆ. ಆದರೆ ನಾಳೆ ಮರೆವಿನ ಕಾಯಿಲೆಯವರ ನೆನಪು ಉಳಿಸುವ ಒಳ್ಳೆಯ ಔಷಧಿ ಬಂದರೆ, ನಾನೇ ಮೊದಲು ನಿಮ್ಮ ಅಜ್ಜಿಗೆ ತಂದುಕೊಡುತ್ತೇನೆ. ಅಲ್ಲಿ ಯಾರ ಸೀಟೂ ಯಾರೂ ಕಿತ್ತುಕೊಳ್ಳುವುದಿಲ್ಲ.

ನಿನ್ನ ಗೆಳತಿಯನ್ನು ಬೈಯಬೇಡ, ಯಾರಿಗೂ ಚಾಡಿ ಹೇಳಲೂ ಬೇಡ. ಮೈಮೇಲೆ ಗುಳ್ಳೆ ಎದ್ದರೆ ಅಥವಾ ಬಾಯಲ್ಲಿ ಹುಣ್ಣಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟರ ಹತ್ತಿರ ಹೋಗಲಿ. ಅಪರೂಪಕ್ಕೆ ಅದು ಜೀವಕ್ಕೇ ಅಪಾಯ ತರುತ್ತದೆ. ಚೀಟಿ ಇಲ್ಲದೆ ಅದನ್ನು ಎಲ್ಲಿಂದ ತರುತ್ತಾಳೆ ಅಂತಲೂ ಕೇಳು, ನಕಲಿ ಮಾಲು ಇದ್ದೀತು. ಅವಳಿಗೆ ಮಾತಾಡಬೇಕು ಅನ್ನಿಸಿದರೆ ನನ್ನ ನಂಬರ್ ಕೊಡು, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ,
ಅಮ್ಮ